ಹಡಗು ಕಳೆದುಕೊಂಡ ಮಜೋರಿಯನ್ ತಲೆಯನ್ನೂ ಕಳೆದುಕೊಂಡದ್ದು ಹೇಗೆ?

ಪ್ರಶ್ನೆ: ಪಶ್ಚಿಮ ರೋಮಿನ ಚಕ್ರವರ್ತಿ ಮಜೋರಿಯನ್ (ಕ್ರಿ.ಶ. 457–461) ಸಮರ್ಥ ದೊರೆ ಎಂದೇ ಓದಿದ್ದೇನೆ. ಅಂಥವನನ್ನು ಅವನದೇ ಸೇನಾಪತಿ ರಿಸಿಮರ್ ಯಾಕೆ ಕೊಂದ? ಸ್ಪೇನಿನಲ್ಲಿ ಹಡಗುಗಳು ಕೈತಪ್ಪದಿದ್ದರೆ ಉಳಿಯುತ್ತಿದ್ದನೇ?

ಉತ್ತರ: ಮೊದಲು ಖಜಾನೆಯ ಸ್ಥಿತಿ ನೋಡಿ. ಜರ್ಮಾನಿಕ್ ಬುಡಕಟ್ಟಾದ ವಂಡಲರ ರಾಜ ಗೈಸೆರಿಕ್ 439ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ನಗರ ಹಿಡಿದಾಗಲೇ ಆಫ್ರಿಕಾದ ಧಾನ್ಯ, ಎಣ್ಣೆ, ತೆರಿಗೆ ಎಲ್ಲವೂ ರೋಮಿನ ಕೈಬಿಟ್ಟಿದ್ದವು. ಆಫ್ರಿಕಾ ಮರಳಿ ಬಾರದೆ ಸೈನ್ಯಕ್ಕೆ ಸಂಬಳವಿಲ್ಲ, ಸೈನ್ಯವಿಲ್ಲದೆ ಆಫ್ರಿಕಾ ಬಾರದು. ಮಜೋರಿಯನ್ ಪಟ್ಟಕ್ಕೆ ಬಂದದ್ದು ಈ ಇಕ್ಕಟ್ಟಿನಲ್ಲಿ.

458ರಲ್ಲಿ ಅವನು ಹಳೆಯ ತೆರಿಗೆ ಬಾಕಿ ಮನ್ನಾ ಮಾಡಿದ. ವಸೂಲಿಗೆ ಅರಮನೆಯಿಂದ ಬರುತ್ತಿದ್ದವರನ್ನು ತಡೆದು, ಆ ಕೆಲಸವನ್ನು ಪ್ರಾಂತದ ಅಧಿಕಾರಿಗಳಿಗೇ ಒಪ್ಪಿಸಿದ. ಅವನ ಕಾನೂನುಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ನಾಣ್ಯದ ವಿಷಯ. ಒಂದು ರೋಮನ್ ಪೌಂಡು ಚಿನ್ನಕ್ಕೆ 72 ಸಾಲಿಡಸ್ (ರೋಮಿನ ಚಿನ್ನದ ನಾಣ್ಯ), ಒಂದೊಂದೂ ಸುಮಾರು ನಾಲ್ಕೂವರೆ ಗ್ರಾಂ. ತೂಕ ಸರಿಯಿದ್ದರೂ ವಸೂಲಿಗಾರರು ಚಲಾವಣೆಯ ನಾಣ್ಯ ಬೇಡವೆಂದು ಹಠ ಹಿಡಿದು, ಹಳೆಯ ಕಾಲದ ನಾಣ್ಯ ಕೇಳುತ್ತಿದ್ದರು. ಅದು ಎಲ್ಲಿಂದ ಬರಬೇಕು? ಇಲ್ಲದವನು ವಟ್ಟ ತೆತ್ತು ಪಾರಾಗಬೇಕಿತ್ತು. ಪೂರ್ತಿ ತೂಕದ ನಾಣ್ಯವನ್ನು ಯಾರೂ ತಿರಸ್ಕರಿಸಕೂಡದು ಎಂದು ಮಜೋರಿಯನ್ ವಿಧಿಸಿದ. ಚಿನ್ನದ ಗುಣ ಕಡಿಮೆಯಿದ್ದ ಗಾಲ್ ಪ್ರಾಂತದ (ಇಂದಿನ ಫ್ರಾನ್ಸ್ ಕಡೆಯ) ನಾಣ್ಯಕ್ಕೆ ಮಾತ್ರ ವಿನಾಯಿತಿ. ಅದೇ ವರ್ಷ ಜುಲೈನಲ್ಲಿ, ರೋಮ್ ನಗರದ ಹಳೆಯ ಕಟ್ಟಡಗಳನ್ನು ಕಲ್ಲಿಗಾಗಿ ಕೆಡವಲು ಅನುಮತಿ ಕೊಟ್ಟ ಅಧಿಕಾರಿಗೆ 50 ಪೌಂಡು ಚಿನ್ನ, ಅಂದರೆ 3,600 ಸಾಲಿಡಸ್ ದಂಡ ಹಾಕಿದ. ಆ ಆಜ್ಞೆ ಪಾಲಿಸಿದ ಕೈಕೆಳಗಿನವರಿಗೆ ಹೊಡೆತ, ಜೊತೆಗೆ ಕೈ ಕಡಿಯುವ ಶಿಕ್ಷೆ. ಬಾಕಿ ವಸೂಲಿಯಲ್ಲಿ, ಕಲ್ಲು ಸಾಗಿಸುವುದರಲ್ಲಿ ಲಾಭ ಕಂಡವರಲ್ಲಿ ಹಲವರು ಇಟಲಿಯಲ್ಲೇ ಇದ್ದರು ಎಂಬುದನ್ನು ನೆನಪಿಡಿ.

ಗಾಲ್‌ನಲ್ಲಿ ಇನ್ನೊಂದು ಜರ್ಮಾನಿಕ್ ಬುಡಕಟ್ಟಾದ ಗಾಥರನ್ನು ಸೋಲಿಸಿ, ಲಿಯಾನ್ ನಗರವನ್ನು ಮರಳಿ ಪಡೆದು, 460ರಲ್ಲಿ ಅವನು ಸ್ಪೇನಿಗೆ ಇಳಿದ. ಕಾರ್ಟಜೀನಾ ಕಡೆಯ ಕರಾವಳಿಯಲ್ಲಿ ಸುಮಾರು 300 ಹಡಗು ಸಜ್ಜಾಗುತ್ತಿದ್ದವು. ಗೈಸೆರಿಕ್ ಸಂಧಿಗೆ ಕೇಳಿ ನೋಡಿದ, ಒಪ್ಪದಿದ್ದಾಗ ವಾಯವ್ಯ ಆಫ್ರಿಕಾದ ಮಾರಿಟೇನಿಯಾ ಪ್ರಾಂತದ ನೆಲವನ್ನು ಹಾಳುಗೆಡವಿ ಬಾವಿಗಳಿಗೆ ವಿಷ ಬೆರೆಸಿದ. ಅಷ್ಟರಲ್ಲಿ ಒಳಗಿನವರೇ ಸುಳಿವು ಕೊಟ್ಟು, ವಂಡಲರು ದಡದಿಂದಲೇ ಹಡಗು ಹಾರಿಸಿಕೊಂಡು ಹೋದರು. ಇಡೀ ಪಡೆ ನಾಶವಾಯಿತು ಎಂದು ಅನೇಕರು ಬರೆಯುತ್ತಾರೆ. ಆದರೆ ಅದೇ ಕಾಲದಲ್ಲಿ ಸ್ಪೇನಿನಲ್ಲಿದ್ದ ಬಿಷಪ್ ಹೈಡೇಷಿಯಸ್ ಹೇಳುವುದು 'ಕೆಲವು ಹಡಗು' ಎಂದಷ್ಟೇ. ದಂಡಯಾತ್ರೆ ನಿಲ್ಲಲು ಅಷ್ಟೇ ಸಾಕಾಯಿತು. ಮಜೋರಿಯನ್ ಸಂಧಿ ಮಾಡಿಕೊಂಡು ಗಾಲ್‌ನ ಆರ್ಲ್ ನಗರಕ್ಕೆ ಹಿಂದಿರುಗಿದ.

ಪ್ರಾಣಕ್ಕೆ ಎರವಾದ ತಪ್ಪು ನಡೆದದ್ದು ಇದರ ನಂತರ. ಯುದ್ಧ ಮುಗಿಯಿತೆಂದು ಮಿತ್ರಪಡೆಗಳನ್ನು ಊರಿಗೆ ಕಳಿಸಿ, ತನ್ನ ಸ್ವಲ್ಪ ಜನರೊಂದಿಗೆ 461ರ ಬೇಸಿಗೆಯಲ್ಲಿ ಇಟಲಿಗೆ ಹೊರಟ. ಸುಮಾರು ಮೂರು ವರ್ಷ ಅವನು ಗಾಲ್, ಸ್ಪೇನಿನಲ್ಲಿದ್ದಾಗ ಇಟಲಿಯ ಸೈನ್ಯ ರಿಸಿಮರನ ಹಿಡಿತದಲ್ಲಿತ್ತು. ರಿಸಿಮರ್ ಹುಟ್ಟಿನಿಂದ ಸ್ವೇಬಿ–ಗಾಥ್ (ಎರಡೂ ಜರ್ಮಾನಿಕ್ ಬುಡಕಟ್ಟುಗಳು), ಪಂಥದಿಂದ ಏರಿಯನ್, ಅಂದರೆ ರೋಮಿನ ಅಧಿಕೃತ ಚರ್ಚು ಒಪ್ಪದ ಕ್ರೈಸ್ತ ಪಂಥದವನು. ಹಾಗಾಗಿ ತಾನೇ ಪಟ್ಟಕ್ಕೇರಲಾರ, ಮಾತು ಕೇಳುವ ಚಕ್ರವರ್ತಿಯೇ ಅವನಿಗೆ ಬೇಕು. ಆಗಸ್ಟ್ 2ರಂದು ಉತ್ತರ ಇಟಲಿಯ ಟೋರ್ಟೋನಾದಲ್ಲಿ ಮಜೋರಿಯನ್‌ನನ್ನು ಹಿಡಿದು, ಕಿರೀಟ, ನೇರಳೆ ಉಡುಪು ಕಳಚಿಸಿ, ಹೊಡೆಸಿದ. 7ರಂದು ಈರಾ ನದಿಯ ಬಳಿ ತಲೆ ಕಡಿಸಿದ. ಭೇದಿಯಿಂದ ಸತ್ತನೆಂದು ಇತಿಹಾಸಕಾರ ಪ್ರೊಕೊಪಿಯಸ್ ಬರೆದದ್ದು ಸುಮಾರು ತೊಂಬತ್ತು ವರ್ಷಗಳ ನಂತರ. ಅದನ್ನು ನಾನು ನಂಬುವುದಿಲ್ಲ.

ಹಡಗು ಉಳಿದಿದ್ದರೆ ಗೆಲುವು ಖಚಿತವೇ? ಇಲ್ಲ. 468ರಲ್ಲಿ ಪೂರ್ವ ರೋಮ್ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ನೌಕಾಪಡೆ ಕಳಿಸಿಯೂ ಗೈಸೆರಿಕ್‌ನ ಬೆಂಕಿಹಡಗುಗಳ ಮುಂದೆ ಸೋತಿತು. ಆದರೆ ಗಾಲ್‌ನ ಪಡೆಯನ್ನು ಜೊತೆಗಿಟ್ಟುಕೊಂಡೇ ಬಂದಿದ್ದರೆ ಮಜೋರಿಯನ್‌ನನ್ನು ಟೋರ್ಟೋನಾದಲ್ಲಿ ಹಿಡಿಯುವುದು ಸುಲಭವಿರಲಿಲ್ಲ. ಅವನನ್ನು ಕೊಂದ ರಿಸಿಮರ್ ನವೆಂಬರ್ 19ರವರೆಗೆ ಸಿಂಹಾಸನ ಖಾಲಿ ಬಿಟ್ಟು, ಕೊನೆಗೆ ಲಿಬಿಯಸ್ ಸೆವೆರಸ್‌ನನ್ನು ಕೂರಿಸಿದ. ಗಾಲ್‌ನ ಸೇನಾಪತಿ ಈಜಿಡಿಯಸ್ ಹೊಸಬನನ್ನು ಒಪ್ಪಲೇ ಇಲ್ಲ. ಈಜಿಡಿಯಸ್‌ನ ವಿರುದ್ಧ ಬೆಂಬಲ ಸಿಗಲೆಂದು ಮರುವರ್ಷವೇ ನಾರ್ಬೋನ್ ನಗರವನ್ನು ಗಾಥರಿಗೆ ಬಿಟ್ಟುಕೊಡಬೇಕಾಯಿತು.