ತೂಕ ಅಷ್ಟೇ ಇದೆ, ಮತ್ತೆ ಈ ಟೆಸ್ಟ್ ಯಾಕೆ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ಎತ್ತರ 155 ಸೆಂ.ಮೀ. ಮೂರು ವರ್ಷದಿಂದ ತೂಕ 62 ಕೆಜಿಯಲ್ಲೇ ಇದೆ. ಈಚೆಗೆ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಾರೆ. ಪೋಷಣೆ ಕಮ್ಮಿ ಆಗಿರಬಹುದು, ಬಾಡಿ ಕಾಂಪೊಸಿಷನ್ ಟೆಸ್ಟ್ (ಮೈಯಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂದರು ಡಾಕ್ಟರ್. ತೂಕವೇ ಇಳಿದಿಲ್ಲ, ಪೋಷಣೆ ಹೇಗೆ ಕಮ್ಮಿ ಆಗುತ್ತೆ ಮೇಡಂ? ಮನೆಯಲ್ಲಿ ಕೊಬ್ಬಿನ ಪರ್ಸೆಂಟ್ ತೋರಿಸುವ ತೂಕದ ಯಂತ್ರ ಇದೆ. ಬೆಳಿಗ್ಗೆ 36 ಅಂದರೆ ರಾತ್ರಿ 33 ಅನ್ನುತ್ತದೆ. ಯಾವುದನ್ನು ನಂಬೋದು?

ಉತ್ತರ: ಯಂತ್ರದ ವಿಷಯ ಆಮೇಲೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಎರಡು ಕೈ.

ಸುಮ್ನೆ ಒಂದು ಲೆಕ್ಕ ಹಾಕೋಣ. ಮೂರು ವರ್ಷದ ಹಿಂದೆ ಅಮ್ಮನ ಮೈಯಲ್ಲಿ ಕೊಬ್ಬು 30 ಪರ್ಸೆಂಟ್ ಇತ್ತು, ಈಗ 35 ಆಗಿದೆ ಅಂತಿಟ್ಟುಕೊಳ್ಳಿ. ಆಗ ಕೊಬ್ಬು 18.6 ಕೆಜಿ, ಉಳಿದದ್ದು 43.4. ಈಗ ಕೊಬ್ಬು 21.7, ಉಳಿದದ್ದು 40.3. ಅಂದರೆ ಮೂರು ಕೆಜಿ ಕೊಬ್ಬು ಒಳಗೆ ಬಂತು, ಮೂರು ಕೆಜಿ ಬೇರೇನೋ ಹೊರಗೆ ಹೋಯಿತು, ತೂಕದ ಯಂತ್ರದ ಮುಳ್ಳು ಮಾತ್ರ ಇದ್ದಲ್ಲೇ ನಿಂತಿತ್ತು. ಆ 'ಬೇರೇನೋ' ಎಂಬುದರಲ್ಲಿ ಸ್ನಾಯು ಇದೆ. ತೂಕ ಇಳಿಯದೆಯೂ ಪೋಷಣೆ ಕಮ್ಮಿ ಆಗಬಹುದು ಅನ್ನುವುದು ಹೀಗೆ, ಕೈ ಊರಿ ಏಳುವುದು ಕಾಲಿನ ಸ್ನಾಯು ಸೋತಿರುವುದರ ಸುಳಿವಿರಬಹುದು. ಬಿಎಂಐ ಕೂಡ ಇದನ್ನು ಹಿಡಿಯುವುದಿಲ್ಲ, ಯಾಕಂದ್ರೆ ಅದಕ್ಕೆ ಗೊತ್ತಿರುವುದು ತೂಕ ಮತ್ತು ಎತ್ತರ ಎರಡೇ.

ಕೊಬ್ಬು ಬಿಟ್ಟು ಉಳಿದದ್ದಕ್ಕೆ ಲೀನ್ ಮಾಸ್ ಅನ್ನುತ್ತಾರೆ. ಅದೆಲ್ಲ ಸ್ನಾಯುವೇ ಅಂದುಕೊಳ್ಳಬೇಡಿ. ಲಿವರ್, ಕಿಡ್ನಿ, ನೀರು ಎಲ್ಲ ಅದರಲ್ಲೇ ಬರುತ್ತವೆ, ಮುಕ್ಕಾಲು ಪಾಲು ನೀರೇ. ಮನೆಯ ಯಂತ್ರದ ಆಟವೆಲ್ಲ ಈ ನೀರಿನ ಮೇಲೆ ನಿಂತಿದೆ. ಅದು ಪಾದದಿಂದ ಪಾದಕ್ಕೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಸಿ, ಎಷ್ಟು ತಡೆ ಬಂತು ಅಂತ ನೋಡುತ್ತದೆ. ನೀರಿರುವ ಕಡೆ ಕರೆಂಟು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಮಿಕ್ಕಿದ್ದು ವಯಸ್ಸು, ಎತ್ತರ, ತೂಕ ಸೇರಿಸಿ ಹಾಕಿದ ಅಂದಾಜು. ಇಡೀ ದಿನ ಓಡಾಡಿದ ಮೇಲೆ ಕಾಲಿಗೆ ಸ್ವಲ್ಪ ನೀರು ಇಳಿದಿರುತ್ತದೆ, ಹಾಗಾಗಿ ರಾತ್ರಿ ಕೊಬ್ಬು ಕಮ್ಮಿ ಕಾಣುತ್ತದೆ. ತಮಾಷೆ ಅಂದರೆ ಆಗಷ್ಟೇ ಕುಡಿದ ಒಂದು ಲೋಟ ನೀರು ತೂಕಕ್ಕೆ ಸೇರುತ್ತದೆ, ತಡೆಯನ್ನು ಇನ್ನೂ ಇಳಿಸಿರುವುದಿಲ್ಲ, ಹಾಗಾಗಿ ಯಂತ್ರ ಅದನ್ನೂ ಕೊಬ್ಬಿನ ಲೆಕ್ಕಕ್ಕೆ ಹಾಕಿಬಿಡುತ್ತದೆ!

36 ಸರಿಯೋ 33 ಸರಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನದೆ ಕುಡಿಯದೆ, ವಾರಕ್ಕೊಮ್ಮೆ ಅದೇ ಯಂತ್ರದಲ್ಲಿ ನೋಡಿ ಬರೆದಿಡಿ. ಕೆಲವು ತಿಂಗಳಲ್ಲಿ ಅದು ಯಾವ ಕಡೆ ವಾಲುತ್ತಿದೆ ಅನ್ನೋದಷ್ಟೇ ಉಪಯೋಗಕ್ಕೆ ಬರುವುದು. ಇನ್ನೂ ಖಚಿತವಾಗಿ ಬೇಕಾದರೆ ಡೆಕ್ಸಾ ಸ್ಕ್ಯಾನ್ ಇದೆ. ಅದು ಎರಡು ಬಗೆಯ ಎಕ್ಸ್‌ರೇ ಬಳಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬೇರೆ ಬೇರೆ ತೋರಿಸುತ್ತದೆ, ಕೈಕಾಲಿನ ಲೆಕ್ಕವನ್ನೂ ಕೊಡುತ್ತದೆ.

ಅಲ್ಲಿಯವರೆಗೆ ಒಂದು ಟೇಪು, ಒಂದು ಗಡಿಯಾರ ಸಾಕು. ಮೀನಖಂಡದ ತೀರ ದಪ್ಪ ಇರುವ ಜಾಗದಲ್ಲಿ ಅಳೆಯಿರಿ. ಏಷ್ಯಾದವರಿಗಾಗಿ ತಜ್ಞರು 2019ರಲ್ಲಿ ಹಾಕಿಕೊಟ್ಟ ಗೆರೆ ಹೆಂಗಸರಿಗೆ 33 ಸೆಂ.ಮೀ., ಗಂಡಸರಿಗೆ 34. ಅದಕ್ಕಿಂತ ಕಮ್ಮಿ ಇದ್ದರೆ ಮುಂದೆ ನೋಡಿಸಬೇಕು. ಕೈ ಕಟ್ಟಿಕೊಂಡು ಐದು ಸಲ ಕುರ್ಚಿಯಿಂದ ಎದ್ದು ಕೂರುವುದಕ್ಕೆ 12 ಸೆಕೆಂಡೋ ಜಾಸ್ತಿಯೋ ಹಿಡಿದರೂ ಅದೇ ಮಾತು. ಪಕ್ಕದಲ್ಲಿ ನೀವು ನಿಂತಿರಿ, ಆಗದಿದ್ದರೆ ಬಲವಂತ ಬೇಡ. ಆಗಲಿಲ್ಲ ಅನ್ನೋದೂ ಉತ್ತರವೇ, ಹಾಗೇ ಡಾಕ್ಟರಿಗೆ ಹೇಳಿ.

ಊಟದ ವಿಷಯಕ್ಕೆ ಬಂದರೆ, ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಮ್ಮನಿಗೆ 62ರಿಂದ ಸುಮಾರು 74 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬೇಡಿ. ಜೊತೆಗೆ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮ ಇಲ್ಲದಿದ್ದರೆ ಬರೀ ಪ್ರೋಟೀನ್ ಹೆಚ್ಚೇನೂ ಮಾಡುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಕಾಲು ಊದಿಕೊಂಡಿದೆ. ಯಂತ್ರದಲ್ಲಿ ಲೀನ್ ಮಾಸ್ 2 ಕೆಜಿ ಏರಿದೆ. ಖುಷಿಪಡಬಹುದಾ?

ಉತ್ತರ: ಬೇಡ. ಏರಿರುವುದು ನೀರು. ಊತ ಇರುವಾಗ ಆ ನಂಬರಿಗೆ ಬೆಲೆಯಿಲ್ಲ, ಒಳಗೆ ಸ್ನಾಯು ಕರಗುತ್ತಿದ್ದರೂ ಅದು ಮುಚ್ಚಿಡುತ್ತದೆ. ಮೊದಲು ಊತ ಯಾಕೆ ಬಂತು ಅಂತ ತೋರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರಂತೂ ಆ ಯಂತ್ರ ಹತ್ತಿಸಲೇಬೇಡಿ.