ಪುಡಿ ಇನ್ಹೇಲರ್ ಎಳೆಯುವಾಗ ನಿಧಾನ ಬೇಡ

ಪ್ರಶ್ನೆ: ಆರು ತಿಂಗಳಿಂದ ಕ್ಯಾಪ್ಸೂಲ್ ಹಾಕುವ ಪುಡಿ ಇನ್ಹೇಲರ್ ಬಳಸುತ್ತಿದ್ದೇನೆ. ಹೇಳಿದಂತೆ ನಿಧಾನವಾಗಿಯೇ ಎಳೆಯುತ್ತೇನೆ. ಆದರೂ ಉಬ್ಬಸ ಹಾಗೇ ಇದೆ. ಡೋಸ್ ಜಾಸ್ತಿ ಮಾಡಿಸಬೇಕಾ?

ಉತ್ತರ: ಡೋಸ್ ಮಾತು ಆಮೇಲೆ. ನಿಧಾನವಾಗಿ ಎಳೆಯಿರಿ ಎಂದು ನಿಮಗೆ ಯಾರು ಹೇಳಿದರು? ಅದು ಗ್ಯಾಸ್ ತುಂಬಿದ ಸ್ಪ್ರೇ ಇನ್ಹೇಲರ್‌ನ ಪಾಠ. ಎರಡನ್ನೂ ಕಲಸಿ ಹೇಳಿಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪುಡಿ ಇನ್ಹೇಲರ್‌ನಲ್ಲಿ ತಳ್ಳಲು ಗ್ಯಾಸ್ ಇಲ್ಲ. ಪುಡಿಯನ್ನು ಒಳಗೆ ಒಯ್ಯುವುದು ನಿಮ್ಮ ಉಸಿರು ಮಾತ್ರ. ಶ್ವಾಸಕೋಶದ ಆಳಕ್ಕೆ ಇಳಿಯಲು ಔಷಧಿಯ ಕಣ 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರಬೇಕು. ಅಷ್ಟು ನುಣ್ಣಗಿನ ಪುಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ಹೆಚ್ಚಿನವುಗಳಲ್ಲಿ ಅದನ್ನು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ದಪ್ಪ ಕಣಗಳ ಜೊತೆ ಬೆರೆಸಿರುತ್ತಾರೆ. ರಭಸವಾಗಿ ಎಳೆದರೆ ಔಷಧಿ ಲ್ಯಾಕ್ಟೋಸ್ ಬಿಟ್ಟು ಒಳಗೆ ಹೋಗುತ್ತದೆ. ಮೆಲ್ಲಗೆ ಎಳೆದರೆ ಎರಡೂ ಒಟ್ಟಿಗೇ ಗಂಟಲಿಗೆ ಬಡಿದು ಅಲ್ಲೇ ಕೂರುತ್ತವೆ.

ಮೊದಲು ಇನ್ಹೇಲರ್ ದೂರ ಹಿಡಿದು ಉಸಿರು ಪೂರ್ತಿ ಹೊರಬಿಡಿ. ಅದರೊಳಗೆ ಮಾತ್ರ ಊದಬೇಡಿ, ಬಾಯಿಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ತುಟಿ ಬಿಗಿ ಮಾಡಿ, ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಿರಿ. ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಿರಿ, ಆಗದಿದ್ದರೆ ಆದಷ್ಟು ಹೊತ್ತು. ಈಗ ತೆರೆದು ಕ್ಯಾಪ್ಸೂಲ್ ನೋಡಿ. ಇದನ್ನು ಯಾರೂ ಮಾಡುವುದಿಲ್ಲ! ನನ್ನಲ್ಲಿಗೆ ಬಂದ ಒಬ್ಬರು ಆಗಷ್ಟೇ ಎಳೆದ ಕ್ಯಾಪ್ಸೂಲನ್ನು ಕಪ್ಪು ಕಾಗದದ ಮೇಲೆ ತಟ್ಟಿಸಿದೆ. ಬಿಳಿ ಪುಡಿ ಸಣ್ಣ ಗುಡ್ಡೆಯಾಗಿ ಬಿತ್ತು. ಅವರೂ ಡೋಸ್ ಜಾಸ್ತಿ ಕೇಳಲು ಬಂದವರೇ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಸ್ಟೀರಾಯ್ಡ್ ಇರುವ ಔಷಧಿಯಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಇಷ್ಟಾದರೂ ಜೋರಾಗಿ ಎಳೆಯಲು ಆಗುತ್ತಿಲ್ಲ ಅಂದರೆ ತಪ್ಪು ನಿಮ್ಮದಲ್ಲ. ಪುಟ್ಟ ಮಕ್ಕಳಿಗೆ, ಶ್ವಾಸಕೋಶ ತುಂಬ ಸೊರಗಿದವರಿಗೆ ಅಷ್ಟು ಬಲ ಇರುವುದಿಲ್ಲ. ಆಗ ಬದಲಿಸಬೇಕಾದ್ದು ಡೋಸ್ ಅಲ್ಲ, ಇನ್ಹೇಲರ್. ನಿಮ್ಮದನ್ನು ಡಾಕ್ಟರ ಮುಂದೆಯೇ ಒಮ್ಮೆ ಎಳೆದು ತೋರಿಸಿ. ಅಲ್ಲಿಯವರೆಗೆ ಔಷಧಿ ನಿಲ್ಲಿಸಬೇಡಿ.

ಪ್ರಶ್ನೆ: ಇದಕ್ಕೆ ಸ್ಪೇಸರ್ ಹಾಕಬಹುದಾ?

ಉತ್ತರ: ಬೇಡ. ಇನ್ಹೇಲರ್‌ಗೂ ಬಾಯಿಗೂ ನಡುವೆ ಇಡುವ ಆ ಕೊಳವೆ ಸ್ಪ್ರೇ ಇನ್ಹೇಲರ್‌ಗೆ.

ಪ್ರಶ್ನೆ: ಎಳೆಯಲು ಕಷ್ಟ, ಕ್ಯಾಪ್ಸೂಲ್ ನುಂಗಲೇ?

ಉತ್ತರ: ಖಂಡಿತ ಬೇಡ. ನಿಮ್ಮ ಕಾಯಿಲೆ ಇರುವುದು ಹೊಟ್ಟೆಯಲ್ಲಲ್ಲ.

ಪ್ರಶ್ನೆ: ಇನ್ಹೇಲರ್ ಚಟವಾಗುತ್ತದೆ, ಬಿಟ್ಟು ಈ ಪುಡಿ ತಿನ್ನಿ ಅಂತ ಒಬ್ಬರು ಕೊಟ್ಟಿದ್ದಾರೆ. ತಿನ್ನಲೇ?

ಉತ್ತರ: ಚಟವಾಗುವುದಿಲ್ಲ. ಆ ಪುಡಿಯಲ್ಲಿ ಏನೇನಿದೆ ಎಂದು ಬರೆದುಕೊಡಲು ಅವರನ್ನು ಕೇಳಿ. ಇಂಥ ಪುಡಿಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಬರೆದು ಕೊಡದಿದ್ದರೆ ಬಾಯಿಗೆ ಹಾಕಲೇಬೇಡಿ. ಬರೆದು ಕೊಟ್ಟರೂ ಆ ಚೀಟಿ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ.