ಮಾರ್ಗ ಬಿಟ್ಟು ಒಳಬೀದಿಗೆ ಹೋಗಿಬರುವ ಸೇವೆಗೆ ಎಷ್ಟು ಬಸ್ ಬೇಕು?

ಕೋರಿಕೆ ಬಂದಾಗ ಮುಖ್ಯರಸ್ತೆ ಬಿಟ್ಟು ಒಳಬೀದಿಗಳಿಗೆ ಹೋಗಿಬರುವ ಸೇವೆಗೆ ಎಷ್ಟು ಬಸ್ ಬೇಕೆಂಬುದನ್ನು ಸರಾಸರಿ ಕೋರಿಕೆಯಿಂದ ನಿರ್ಧರಿಸಬಹುದೇ ಎಂದು ಕೇಳಿದ್ದೀರಿ. ಬಸ್ ವೇಳಾಪಟ್ಟಿ ರಚಿಸುವುದೇ ನನ್ನ ಕೆಲಸ. ಸರಾಸರಿಯನ್ನು ನಂಬಬೇಡಿ ಎಂಬುದೇ ನನ್ನ ಉತ್ತರ. ಪ್ರತಿ ಟ್ರಿಪ್‌ನಲ್ಲಿ ಒಳಬೀದಿಗಳಿಗೆಂದು ಕಾದಿರಿಸುವ ಸಮಯವನ್ನು ಮೊದಲು ನಿರ್ಧರಿಸಬೇಕು. ಬಸ್‌ಗಳ ಸಂಖ್ಯೆ ಅದರಿಂದ ತಾನಾಗಿ ಸಿಗುತ್ತದೆ.

ಒಂದು ಕಾಲ್ಪನಿಕ ಮಾರ್ಗವನ್ನು ನೋಡೋಣ. ನೇರ ಪ್ರಯಾಣಕ್ಕೆ 25 ನಿಮಿಷ, ಒಂದು ದಿಕ್ಕಿಗೆ ಸರಾಸರಿ 3 ಕೋರಿಕೆ, ಒಂದೊಂದಕ್ಕೆ 4 ನಿಮಿಷ, ಎರಡೂ ತುದಿಗಳಲ್ಲಿ ತಲಾ 3 ನಿಮಿಷ ವಿರಾಮ. ಹೋಗಿಬರಲು ಒಟ್ಟು 80 ನಿಮಿಷ ಆಗುವುದರಿಂದ, 40 ನಿಮಿಷಕ್ಕೊಂದು ಬಸ್ ಓಡಿಸಲು 2 ಬಸ್ ಸಾಕೆನಿಸುತ್ತದೆ. ಆದರೆ ಕೋರಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದು ಭಾವಿಸಿ ಪಾಯ್ಸಾನ್ ವಿತರಣೆಯಂತೆ (ಸರಾಸರಿ ಗೊತ್ತಿದ್ದಾಗ ಎಷ್ಟು ಕೋರಿಕೆ ಬರುವ ಸಾಧ್ಯತೆ ಎಷ್ಟೆಂದು ಹೇಳುವ ಸೂತ್ರ) ಲೆಕ್ಕ ಹಾಕಿದರೆ, 100 ಟ್ರಿಪ್‌ಗಳಲ್ಲಿ ಸುಮಾರು 35ರಲ್ಲಿ ಮೂರಕ್ಕಿಂತ ಹೆಚ್ಚು ಕೋರಿಕೆಗಳಿರುತ್ತವೆ. ಆ ಟ್ರಿಪ್‌ಗಳೆಲ್ಲ ತಡವಾಗುತ್ತವೆ, ವಿರಾಮ ಕೇವಲ 3 ನಿಮಿಷವಾದ್ದರಿಂದ ಆ ತಡ ಮುಂದಿನ ಟ್ರಿಪ್‌ಗೂ ಅಂಟುತ್ತದೆ. ಐದು ಕೋರಿಕೆಗಳಿಗೆ ಸಮಯ ಕಾದಿರಿಸಿದರೆ ಆ ಮಿತಿ ಮೀರುವುದು ಸುಮಾರು 8 ಟ್ರಿಪ್‌ಗಳಲ್ಲಿ ಮಾತ್ರ, ಅಲ್ಲಿ ಆರನೆಯವರನ್ನು ಮುಂದಿನ ಬಸ್ಸಿಗೆ ಕಳುಹಿಸಬಹುದು. ಆಗ ಸುತ್ತಿನ ಅವಧಿ 96 ನಿಮಿಷ. 40ರಿಂದ ಭಾಗಿಸಿದರೆ 2.4, ಅಂದರೆ 3 ಬಸ್. ಮೂರನೆಯದಕ್ಕೆ ಹಣವಿಲ್ಲದಿದ್ದರೆ 48 ನಿಮಿಷಕ್ಕೊಂದರಂತೆ ಎರಡನ್ನೇ ಓಡಿಸಿ. ಪಾಲಿಸಲಾಗದ 40 ನಿಮಿಷದ ಭರವಸೆಗಿಂತ ಅದೇ ಪ್ರಯಾಣಿಕರಿಗೆ ನ್ಯಾಯ. ದುರಸ್ತಿಯ ಸಮಯಕ್ಕೆಂದು ಇನ್ನೊಂದು ಬಸ್ ಪ್ರತ್ಯೇಕವಾಗಿ ಬೇಕೇ ಬೇಕು.

ಕಾದಿರಿಸಿದ ಸಮಯವನ್ನೆಲ್ಲ ಕೊನೆಯ ನಿಲ್ದಾಣದಲ್ಲಿ ಕೂಡಿಹಾಕದೆ ನಡುವಿನ ಎರಡು ಮೂರು ನಿಗದಿತ ನಿಲ್ದಾಣಗಳ ನಡುವೆ ಹಂಚಬೇಕು. ಅಲ್ಲಿಂದ ಬಸ್ ನಿಗದಿತ ಸಮಯಕ್ಕೆ ಮುನ್ನ ಹೊರಡಲೇಬಾರದು. ಕೋರಿಕೆ ಇಲ್ಲದ ದಿನ ಒಳಗೆ ಕುಳಿತವರು ಸುಮ್ಮನೆ ಕಾಯಬೇಕಾಗುವುದು ನಿಜ, ಆದ್ದರಿಂದಲೇ ಮಾರ್ಗ ಬಿಡುವ ದೂರಕ್ಕೂ ಮಿತಿ ಇರಬೇಕು. ಅಮೆರಿಕದ ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಇಂಥ ಸೇವೆಯಲ್ಲಿ ಆ ಮಿತಿ ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿಲೋಮೀಟರ್ ಆಗಿತ್ತು. ಮುಂಗಡ ಕಾಯ್ದಿರಿಸುವಿಕೆಯೂ ಅಗತ್ಯವಿತ್ತು.

ನಿಗದಿತ ಮಾರ್ಗವೇ ಇಲ್ಲದ ಸೇವೆಗೆ ಈ ಲೆಕ್ಕ ಸಲ್ಲದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2012ರಿಂದ 2015ರವರೆಗೆ ನಡೆದ ಅಂಥದೇ ಸೇವೆಯಾದ ಕುತ್ಸುಪ್ಲುಸ್‌ನಲ್ಲಿ ಕೇವಲ 15 ಮಿನಿಬಸ್‌ಗಳಿದ್ದವು. ಅಂಥ ಸೇವೆಯಲ್ಲಿ ವಾಹನಗಳು ವಿರಳವಾಗಿದ್ದಷ್ಟೂ ಒಂದೇ ದಾರಿಯ ಪ್ರಯಾಣಿಕರನ್ನು ಒಟ್ಟುಗೂಡಿಸುವುದು ಕಷ್ಟವಾಗಿ ತಲಾ ವೆಚ್ಚ ಏರುತ್ತದೆ. ವಿಸ್ತರಣೆಗೆ ಬೇಕಾದ ಹಣ ಹೊಂದಿಸಲಾಗದೆ ಕುತ್ಸುಪ್ಲುಸ್ ನಿಂತಿತು. ನಿಮ್ಮಲ್ಲಿ ಬಸ್‌ಗಳು ಕಡಿಮೆಯಿದ್ದರೆ ಮಾರ್ಗವನ್ನು ಉಳಿಸಿಕೊಂಡೇ ಆರಂಭಿಸಿ.